ಎದೆಗೂಡಿನ ಬಾಡಿಗೆದಾರ

ನನಗೆ ಕ್ಷಯ ಬಂದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ವಠಾರದಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಆ ಕಾಯಿಲೆ’ ಅನ್ನುತ್ತಿದ್ದರು, ‘ಎದೆ ಸರಿ ಇಲ್ಲವಂತೆ’ ಅನ್ನುತ್ತಿದ್ದರು. ನಮ್ಮವ್ವ ಕೆಮ್ಮು ಅನ್ನುವ ಮಾತನ್ನೂ ಬಿಟ್ಟು ‘ಮಗನಿಗೆ ಗಂಟಲು ಕೆಟ್ಟಿದೆ’ ಅಂತ ಹೇಳಿಕೊಂಡು ತಿರುಗುತ್ತಿದ್ದಳು. ಗಂಟಲಲ್ಲ, ಎದೆ. ಬಲಗಡೆ, ಮೇಲ್ಗಡೆ.

ಆಗ ನನಗೆ ಇಪ್ಪತ್ತೆರಡು. ಮಾಗಡಿ ರಸ್ತೆ ಪಕ್ಕದ ಒಂದು ಶೆಡ್ಡಿನಲ್ಲಿ ತಗಡಿನ ಟ್ರಂಕು ಮಾಡುವ ಕೆಲಸ. ತಗಡು ಕತ್ತರಿಸುವುದು, ಅಂಚು ಮಡಿಸುವುದು, ಬಡಿಯುವುದು, ಬೆಸುಗೆ ಹಾಕುವುದು. ಓದು ಮೂರನೇ ಕ್ಲಾಸಿಗೆ ಮುಗಿದಿತ್ತು. ರಾಜಾಜಿನಗರದಲ್ಲಿ ಆಗ ಮನೆಯೂ ಏಳುತ್ತಿತ್ತು, ಫ್ಯಾಕ್ಟರಿಯೂ ಏಳುತ್ತಿತ್ತು. ಹೊಸದಾಗಿ ಬಂದವರು ಮೊದಲು ಕೊಳ್ಳುತ್ತಿದ್ದದ್ದು ಟ್ರಂಕು. ಹಾಗಾಗಿ ಸುತ್ತಿಗೆಗೆ ಬಿಡುವಿರಲಿಲ್ಲ.

ನಾವು ಇದ್ದದ್ದು ರಾಜಾಜಿನಗರದ ಅಂಚಿನ ಒಂದು ವಠಾರದಲ್ಲಿ. ಎಂಟು ಮನೆ, ನಡುವೆ ಅಂಗಳ, ಎಂಟು ಮನೆಗೂ ಸೇರಿ ಒಂದೇ ನಲ್ಲಿ. ಹಿಂದುಗಡೆ ರಾಗಿ ಹೊಲ. ಹೊಲ, ವಠಾರ ಎರಡೂ ಒಬ್ಬರದೇ. ಆ ಮಾಲೀಕರು ಮೊದಲನೇ ಮನೆಯಲ್ಲಿ, ನಲ್ಲಿಯ ಎದುರಿಗೇ ಇದ್ದರು. ಬಾಯಲ್ಲಿ ಸದಾ ಹೊಗೆಸೊಪ್ಪು. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಕೆಮ್ಮುತ್ತಿದ್ದರು. ಅದು ಯಜಮಾನರ ಕೆಮ್ಮು, ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ನಮ್ಮ ಮನೆ ಅಂದರೆ ಒಂದು ಕೋಣೆ, ಮೂಲೆಯಲ್ಲಿ ಒಲೆ. ಅದರೊಳಗೆ ಅವ್ವ, ಅಣ್ಣ, ಅತ್ತಿಗೆ, ಅವರ ಒಂದು ವರ್ಷದ ಕೂಸು, ನಾನು.

ಎರಡು ತಿಂಗಳು ಕೆಮ್ಮಿದೆ. ಶುಂಠಿ ಕಷಾಯ ಕುಡಿದೆ, ಮೆಣಸು ಅಗಿದೆ. ಒಂದು ದಿನ ಶೆಡ್ಡಿನಲ್ಲಿ ಟವೆಲಿಗೆ ಕೆಮ್ಮಿದಾಗ ಕೆಂಪಗೆ ಬಂತು. ಬಣ್ಣದ ಡಬ್ಬಿಗೆ ಟವೆಲು ತಾಗಿರಬೇಕು ಅಂದುಕೊಂಡೆ. ಮತ್ತೆ ಕೆಮ್ಮಿದೆ. ಬಣ್ಣ ಅಲ್ಲ.

ಅಣ್ಣ ಎದೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಗಿಡ್ಡಗೆ, ಕಪ್ಪಗೆ, ಮಾತು ನೇರ. ನನಗೆ ಹಿಡಿಸಿತು. ಎದೆಯ ಫೋಟೋ ತೆಗೆಸಿದರು, ಬೆಳಕಿಗೆ ಹಿಡಿದು ನೋಡಿದರು.

“ನಾಳೆ ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ, ಬಂದಿದ್ದನ್ನ ಡಬ್ಬೀಲಿ ಹಿಡ್ಕೊಂಡ್ ಬಾ. ಎಂಜಲಲ್ಲ, ಕಫ. ಎರಡಕ್ಕೂ ವ್ಯತ್ಯಾಸ ಗೊತ್ತಾ?”

“ಗೊತ್ತು ಸಾರ್.”

“ಎಲ್ರೂ ಗೊತ್ತು ಅಂತಾರೆ. ಎಂಜಲು ತಂದ್ಕೊಡ್ತಾರೆ.”

ಅವತ್ತೇ ಶೆಡ್ಡಿಗೆ ಹೋಗಿ ಉಳಿದ ತಗಡಿನಲ್ಲಿ ಅಂಗೈಯಗಲದ ಡಬ್ಬಿ ಮಾಡಿದೆ. ಟ್ರಂಕಿನ ಹಾಗೇ ಅಂಚು ಮಡಿಸಿದೆ, ಮುಚ್ಚಳ ಬಿಗಿ ಮಾಡಿದೆ. ನೀರು ತುಂಬಿಸಿ ತಲೆಕೆಳಗೆ ಹಿಡಿದೆ, ಒಂದು ಹನಿ ಸೋರಲಿಲ್ಲ. ಬೆಳಿಗ್ಗೆ ಎದ್ದು ಹೊಟ್ಟೆಯಿಂದ ಕೆಮ್ಮಿ, ಕಫವನ್ನೇ ಹಿಡಿದು, ಮುಚ್ಚಳ ಹಾಕಿ, ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಮುಖ ತೊಳೆಯಲು ಹೋದೆ. ಬರುವಷ್ಟರಲ್ಲಿ ಅವ್ವ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೈಗೆ ಕೊಟ್ಟಳು. ಎಷ್ಟು ಚೆನ್ನಾಗಿ ಕಟ್ಟಿದಾಳೆ ಅಂದುಕೊಂಡೆ.

ಡಾಕ್ಟರು ಮುಚ್ಚಳ ತೆಗೆದರು. ಒಳಗೆ ನೋಡಿದರು. ನನ್ನ ಕಡೆಗೆ ತಿರುಗಿಸಿ ಹಿಡಿದರು. ತಗಡು ಥಳಥಳ ಹೊಳೆಯುತ್ತಿತ್ತು.

“ಏನಯ್ಯ ಇದು? ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳೋಕೆ ಕೊಟ್ಟಿದೀಯಾ?”

ಅವ್ವ ಅದನ್ನು ಬೂದಿ ಹಾಕಿ ಬೆಳಗಿದ್ದಳು. ಮನೆಗೆ ಬಂದು ಕೂಗಾಡಿದೆ. ಅವಳು ನನಗಿಂತ ಜೋರಾಗಿ ಕೂಗಿದಳು.

“ನಿನ್ನ ಎಂಜಲ ಡಬ್ಬೀನ ಓದಿರೋರ ಕೈಗೆ ಕೊಡೋದೇನೋ? ಈ ಹುಡುಗನ್ಗೆ ಮನೇಲಿ ಯಾರೂ ದಿಕ್ಕಿಲ್ವಾ ಅಂದ್ಕೊಳ್ಳಲ್ವಾ ಅವ್ರು?”

“ಅವ್ರಿಗೆ ಅದೇ ಬೇಕಂತೆ ಕಣವ್ವ!”

“ಅದೇ ಯಾಕೆ ಬೇಕು? ಬೇರೆ ಏನಾದ್ರೂ ಕೇಳಕ್ಕಾಗಲ್ವಾ?”

ಮಾರನೇ ದಿನ ಡಬ್ಬಿಯನ್ನು ಕೈಯಿಂದ ಬಿಡಲಿಲ್ಲ. ಮುಖ ತೊಳೆಯುವಾಗಲೂ ಕಂಕುಳಲ್ಲಿಟ್ಟುಕೊಂಡಿದ್ದೆ.

ಆ ಸಲ ಡಾಕ್ಟರು ಒಳಗೆ ಕರೆದರು. ಮೇಜಿನ ಮೇಲೆ ಸೂಕ್ಷ್ಮದರ್ಶಕ. “ಒಂದು ಕಣ್ಣು ಮುಚ್ಕೊಂಡು ನೋಡು. ನಿನ್ನೊಳಗೆ ಯಾರಿದಾರೆ ಅಂತ ನಿಂಗೂ ಗೊತ್ತಾಗ್ಲಿ,” ಅಂದರು. ನೋಡಿದೆ. ನೆಲವೆಲ್ಲ ನೀಲಿ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಕೆಂಪು ಕಡ್ಡಿ. ಶೆಡ್ಡಿನಲ್ಲಿ ತಂತಿ ಕತ್ತರಿಸಿದಾಗ ನೆಲಕ್ಕೆ ಬೀಳುವ ಚೂರಿನ ಹಾಗೆ. ಅಲ್ಲಾಡುತ್ತಲೂ ಇರಲಿಲ್ಲ.

“ಇಷ್ಟೇನಾ ಸಾರ್?”

“ಇಷ್ಟೇ.”

“ಇದಕ್ಕಾ ಊರೆಲ್ಲ ಹೆದರೋದು?”

ಡಾಕ್ಟರು ನಕ್ಕರು. ಕಡ್ಡಿಗಳ ಜೊತೆ ನೀಲಿ ಗುಂಡುಗಳೂ ಇದ್ದವು. ಅವೇನು ಅಂತ ಕೇಳಿದೆ.

“ಅವು ಬೇರೆ. ನನ್ನ ಬಾಯಲ್ಲೂ ಇವೆ, ಗಂಟಲಲ್ಲೂ ಇವೆ, ಎಲ್ರಿಗೂ ಇವೆ. ತಮ್ಮ ಪಾಡಿಗೆ ತಾವಿರ್ತವೆ. ಈ ಕೆಂಪು ಕಡ್ಡೀನೂ ಎಷ್ಟೋ ಜನರ ಎದೇಲಿ ಸದ್ದಿಲ್ದೆ ಮಲಗಿರ್ತದೆ ಕಣಯ್ಯ. ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರ್ತಾರೆ, ಒಳಗಿರೋದು ಗೊತ್ತೇ ಇರಲ್ಲ. ಸಾಯೋವರೆಗೂ ಅದು ಏಳದೇ ಇರಬಹುದು. ನಿಂದು ಎದ್ದಿದೆ, ಅಷ್ಟೇ. ನೀನಿರೋದೆಲ್ಲಿ?”

“ವಠಾರದಲ್ಲಿ ಸಾರ್.”

“ಹಾಗಾದ್ರೆ ನಿಂಗೆ ಹೇಳೋದು ಸುಲಭ. ಬಾಡಿಗೆಗೆ ಬಂದೋರೆಲ್ಲ ಗಲಾಟೆ ಮಾಡ್ತಾರಾ? ಇಲ್ಲ. ಒಬ್ಬ ಮಾಡ್ತಾನೆ. ನಿನ್ನ ಎದೆಗೂಡಲ್ಲಿ ಆ ಒಬ್ಬ ಸೇರ್ಕೊಂಡಿದಾನೆ.”

“ಖಾಲಿ ಮಾಡ್ಸಿ ಸಾರ್ ಅವನ್ನ.”

“ಮಾಡ್ಸೋಣ. ಆದ್ರೆ ದಿನಾ ಬಂದು ಸೂಜಿ ಹಾಕಿಸ್ಕೋಬೇಕು. ಆಮೇಲೆ ಮಾತ್ರೆ, ಪುಡಿ, ಒಂದೂವರೆ ವರ್ಷ. ಮಧ್ಯ ತಪ್ಪಿಸ್ದೆ ಅಂದ್ರೆ ಅವನು ಮತ್ತೆ ಬರ್ತಾನೆ. ಆವಾಗ ಈ ಔಷಧಿಗೆ ಹೆದರಲ್ಲ. ಅರ್ಥ ಆಯ್ತಾ?”

ಅರ್ಥ ಆಯಿತು. ದಿನಾ ಬೆಳಿಗ್ಗೆ ನಡೆದುಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದೆ. ಕೂರುವ ಜಾಗವೆಲ್ಲ ಗಂಟು ಕಟ್ಟಿತು. ಪುಡಿಯ ವಿಷಯ ಹೇಳುವುದೇ ಬೇಡ. ಹಿಡಿ ಹಿಡಿ ನುಂಗಬೇಕು, ನುಂಗಿದರೆ ಹೊಟ್ಟೆ ತೊಳಸುತ್ತದೆ. ವಾಂತಿ ಮಾಡಿ ಮತ್ತೆ ನುಂಗುತ್ತಿದ್ದೆ.

ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಲೋಟದಿಂದ.

ನಮ್ಮಲ್ಲಿ ದೊಡ್ಡವರೆಲ್ಲ ನೀರನ್ನು ಎತ್ತಿ ಕುಡಿಯುತ್ತಾರೆ. ಲೋಟಕ್ಕೆ ತುಟಿ ತಾಗಿಸಿದರೆ ಎಂಜಲು. ನಾನು ಮಾತ್ರ ಚಿಕ್ಕಂದಿನಿಂದ ಕಚ್ಚಿಯೇ ಕುಡಿಯುವವನು. ಎತ್ತಿ ಕುಡಿದರೆ ನೀರು ಮೂಗಿಗೆ ಹೋಗುತ್ತದೆ. ಕಾಯಿಲೆ ಗೊತ್ತಾದ ವಾರಕ್ಕೇ ಅತ್ತಿಗೆ ನನ್ನ ಲೋಟ, ತಟ್ಟೆ ಬೇರೆ ಮಾಡಿದಳು. ತಟ್ಟೆ ಒಳಗೇ ಮೂಲೆಯಲ್ಲಿ. ಲೋಟ ಮಾತ್ರ ಹೊರಗೆ, ಬಾಗಿಲ ಪಕ್ಕದ ಗೋಡೆಯಲ್ಲಿ ದೀಪ ಇಡುವ ಗೂಡಿನಲ್ಲಿ. ಅತ್ತಿಗೆಯನ್ನು ಬೈಯುವುದಿಲ್ಲ. ಅವಳ ಸೊಂಟದ ಮೇಲೆ ಕೂಸಿತ್ತು. ಅವ್ವ ತನ್ನ ಪಾಲಿನ ಮುತುವರ್ಜಿ ವಹಿಸಿದಳು. ನನ್ನ ಎದೆಗೆ ಗಾಳಿ ತಾಗಬಾರದು ಅಂತ ಇದ್ದ ಒಂದೇ ಕಿಟಕಿಗೆ ಗೋಣಿತಟ್ಟು ಹಾಕಿ, ಅಣ್ಣನ ಕೈಲಿ ಮೊಳೆ ಹೊಡೆಸಿದಳು.

ದೀಪದ ಗೂಡಿನಲ್ಲಿ ಹಗಲೂ ಇರುಳೂ ಒಂದು ಹಿತ್ತಾಳೆ ಲೋಟ ಕೂತಿದ್ದರೆ ಯಾರಿಗೆ ಕಾಣುವುದಿಲ್ಲ? ಮಾಲೀಕರು ಅಣ್ಣನನ್ನು ಅಂಗಳಕ್ಕೆ ಕರೆದರು. ನಾನು ಹೊಸಿಲ ಮೇಲೆ ನಿಂತಿದ್ದೆ.

“ಆ ಲೋಟ ಯಾರ್ದು?”

“ನಮ್ಮ ತಮ್ಮಂದು ಯಜಮಾನ್ರೆ.”

“ಹೊರಗ್ಯಾಕಿದೆ?”

ಅಣ್ಣ ನೆಲ ನೋಡಿದ.

“ನಂಗೇನು ಕಣ್ಣು ಕಾಣಲ್ಲ ಅಂದ್ಕೊಂಡಿದೀರಾ? ದಿನಾ ಬೆಳಿಗ್ಗೆ ಅವನು ಎಲ್ಲಿಗೆ ಹೋಗ್ತಾನೆ ಅಂತಾನೂ ಗೊತ್ತು. ಮಕ್ಕಳುಮರಿ ಇರೋ ಜಾಗ ಇದು. ಈ ಅಮಾವಾಸ್ಯೆ ಒಳಗೆ ಅವನನ್ನ ಎಲ್ಲಿಗಾದ್ರೂ ಸಾಗಿಸು. ಇಲ್ಲಾ ಎಲ್ರೂ ಹೊರಡಿ. ಅಲ್ಲೀತನಕ ನಲ್ಲಿ ಮುಟ್ಟಬಾರ್ದು ಅವನು.”

ಇಷ್ಟು ಹೇಳಿ ಗೋಡೆ ಬುಡಕ್ಕೆ ಹೊಗೆಸೊಪ್ಪಿನ ರಸ ಉಗಿದರು. ಆಮೇಲೆ ಕೆಮ್ಮಿದರು.

ಅವತ್ತಿನಿಂದ ಅವ್ವ ನೀರು ತಂದು ನನ್ನ ಲೋಟಕ್ಕೆ ಮೇಲಿಂದ ಸುರಿಯಬೇಕಾಯಿತು. ನಾನು ನಲ್ಲಿಯ ಹತ್ತಿರ ಹಾದು ಹೋದರೆ ಹೆಂಗಸರು ಬಿಂದಿಗೆ ಎಳೆದುಕೊಳ್ಳುತ್ತಿದ್ದರು. ಅಣ್ಣ ಎರಡು ದಿನ ಯೋಚನೆ ಮಾಡಿ ಒಂದು ದಾರಿ ಹುಡುಕಿದ. ಕೆಂಗೇರಿ ಆಚೆ ನಮ್ಮ ಸೋದರಮಾವನ ಹೊಲ, ಹೊಲದಲ್ಲಿ ಒಂದು ಗುಡಿಸಲು.

“ಗಾಳಿ ಚೆನ್ನಾಗಿದೆ ಕಣೋ ಅಲ್ಲಿ. ಮಾವ ಊಟ ಕಳಿಸ್ತಾರೆ. ಆರಾಮಾಗಿರ್ತೀಯ.”

“ಸೂಜಿ ಯಾರು ಚುಚ್ತಾರೆ? ಮಾವನ ಎಮ್ಮೆ ಚುಚ್ಚತ್ತಾ?”

“ರೈಲಿದೆಯಲ್ಲೋ.”

“ಗುಡಿಸ್ಲಿಂದ ಸ್ಟೇಷನ್‌ಗೆ ಎಷ್ಟು ದೂರ ಗೊತ್ತಾ? ಇಲ್ಲಿಂದ ಆಸ್ಪತ್ರೆಗೆ ನಡೆದು ಬಂದ್ರೇ ಉಸಿರು ಸಾಲಲ್ಲ ನಂಗೆ. ದಿನಾ ಹೋಗಿ ಬರ್ತೀನಾ?”

“ನಾವೆಲ್ರೂ ಬೀದೀಲಿ ನಿಲ್ಲೋದಾ ಹಾಗಾದ್ರೆ?” ಅಂತ ಅಣ್ಣ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. ಬೇರೆ ವಠಾರಗಳಲ್ಲಿ ಮನೆ ಕೇಳಿಕೊಂಡು ಬಂದಿದ್ದ. ಲೋಟದ ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ಹೋಗಿತ್ತು.

ಲೆಕ್ಕ ಸರಳ. ಕೆಂಗೇರಿಗೆ ಹೋದರೆ ಸೂಜಿ ತಪ್ಪುತ್ತದೆ. ಸೂಜಿ ತಪ್ಪಿದರೆ ನಾನು ಸಾಯುತ್ತೇನೆ. ಅಲ್ಲೇ ಸತ್ತರೆ ‘ಹಳ್ಳಿಗಾಳಿ ಒಗ್ಗಲಿಲ್ಲ’ ಅಂತ ಒಂದು ಮಾತು ಹೇಳಿ ಮುಗಿಸುತ್ತಾರೆ. ನಾನು ಹೋಗುವುದಿಲ್ಲ ಅಂದೆ. ಎಳೆದುಕೊಂಡು ಹೋಗಬೇಕು, ಎಳೆಯುವುದಕ್ಕೆ ನನ್ನನ್ನು ಮುಟ್ಟಬೇಕು, ಮುಟ್ಟುವ ಧೈರ್ಯ ಇದ್ದವರು ಬನ್ನಿ ಅಂದೆ.

ಮಾರನೇ ದಿನ ಸೂಜಿ ಹಾಕಿಸಿಕೊಳ್ಳುವಾಗ ಡಾಕ್ಟರಿಗೆ ಎಲ್ಲ ಹೇಳಿದೆ. ಲೋಟದ ವಿಷಯ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಲೋಟ ಹೊರಗಿದೆ. ಸರಿ. ಕಿಟಕಿ?”

“ಮೊಳೆ ಹೊಡ್ದಿದೀವಿ ಸಾರ್. ಗಾಳಿ ತಾಗ್ಬಾರ್ದು ಅಂತ.”

ಡಾಕ್ಟರು ಹಣೆ ಹಿಡಿದುಕೊಂಡು ಕೂತರು.

“ಏನು ಜನ ಕಣಯ್ಯ ನೀವು! ಎಂಜಲಿಗೆ ಅಷ್ಟು ಹೆದರ್ತೀರ. ನೀನು ಕೆಮ್ಮಿದ ಗಾಳೀನ ಕೋಣೆ ತುಂಬ ಕೂಡಿಟ್ಕೊಂಡು ಐದು ಜನ ಉಸಿರಾಡ್ತೀರ. ಆ ಬಾಡಿಗೆದಾರ ಓಡಾಡೋದು ಉಸಿರಲ್ಲಿ. ಲೋಟದಲ್ಲಿ ಕೂತ್ಕೊಂಡು ಬರಲ್ಲ. ಇವತ್ತೇ ಕಿಟಕಿ ತೆಗಿ. ಕೆಮ್ಮೋವಾಗ ಬಾಯಿಗೆ ಬಟ್ಟೆ ಹಿಡಿ. ಕಫ ಡಬ್ಬೀಲೇ ಉಗಿ, ಆಮೇಲೆ ಸುಡು. ಕೂಸಿದೆ ಅಂತೀಯ, ನೀನು ಜಗಲೀಲಿ ಮಲಕ್ಕೋ.”

ಶೆಡ್ಡಿನಿಂದ ಸುತ್ತಿಗೆ ತಂದು, ಅದರ ಹಿಂದುಗಡೆಯ ಕೊಕ್ಕಿನಿಂದ ಮೊಳೆ ಒಂದೊಂದೇ ಕಿತ್ತೆ. ಅವ್ವ ಕಿತ್ತ ಮೊಳೆಗಳನ್ನು ಆಯ್ದಿಟ್ಟಳು. ಅತ್ತಿಗೆ ಕೂಸನ್ನು ಅಪ್ಪಿಕೊಂಡು ಎದ್ದು ನಿಂತಳು.

“ಮಗೂಗೆ ಶೀತ ಆಗಲ್ವಾ?”

“ಶೀತ ಆದ್ರೆ ಮೂಗು ಸೋರತ್ತೆ ಅತ್ತಿಗೆ. ನಂದು ಹತ್ಕೊಂಡ್ರೆ?”

ಅವಳು ಕೂಸಿಗೆ ಇನ್ನೊಂದು ಅಂಗಿ ಹಾಕಿದಳು. ಆಮೇಲೆ ಕಿಟಕಿಗೆ ಅಡ್ಡ ಇದ್ದ ಟ್ರಂಕನ್ನು ತಾನೇ ಎಳೆದು ಪಕ್ಕಕ್ಕಿಟ್ಟಳು. ನಾನು ಚಾಪೆ ಸುತ್ತಿಕೊಂಡು ಜಗಲಿಗೆ ಹೋದೆ.

ಅಮಾವಾಸ್ಯೆಗೆ ಇನ್ನೂ ಐದು ದಿನ ಇತ್ತು. ಅಷ್ಟರಲ್ಲಿ ಸೂಜಿಯವರು ಬಂದರು.

ಕ್ಷಯಕ್ಕೆ ಲಸಿಕೆ ಹಾಕುವವರು, ಬೀದಿಬೀದಿಗೆ ಬರುತ್ತಿದ್ದರು. ಬಿಳಿ ಕೋಟಿನ ಒಬ್ಬರು ಹಿರಿಯರು, ಜೊತೆಗೆ ಮೂರು ಜನ. ಮೊದಲ ದಿನ ಎಲ್ಲರ ತೋಳಿಗೆ ಒಂದು ಸಣ್ಣ ಸೂಜಿ. ಮೂರು ದಿನ ಬಿಟ್ಟು ಬಂದು ತೋಳು ನೋಡುತ್ತಾರೆ. ಆಮೇಲೆ ಬೇಕಾದವರಿಗೆ ಲಸಿಕೆ. ಮಾಲೀಕರು ತಮ್ಮ ಜಗಲಿಯಲ್ಲೇ ಮೇಜು ಹಾಕಿಸಿಕೊಟ್ಟರು, ಮಜ್ಜಿಗೆ ಕೊಡಿಸಿದರು, ಎಲ್ಲರಿಗಿಂತ ಮೊದಲು ತಾವೇ ತೋಳು ಚಾಚಿದರು. “ಹೆದರ್ಬೇಡಿ, ಬನ್ನಿ ಬನ್ನಿ,” ಅಂತ ಇಡೀ ವಠಾರವನ್ನು ಸಾಲು ನಿಲ್ಲಿಸಿದರು. ನನ್ನ ಸರದಿ ಬಂದಾಗ ನಾನು ಆಸ್ಪತ್ರೆಯ ಚೀಟಿ ತೋರಿಸಿದೆ. ಹಿರಿಯರು ಓದಿ, “ನಿಂಗೆ ಬೇಡಪ್ಪ, ಗೊತ್ತಾಗೇ ಇದೆಯಲ್ಲ,” ಅಂದರು. ಮಾಲೀಕರು ಹಿಂದಿನಿಂದ, “ಅವನು ಹೋಗೋನು ಬಿಡಿ ಸ್ವಾಮಿ,” ಅಂದರು.

ಮೂರು ದಿನ ವಠಾರಕ್ಕೆ ಬೇರೆ ಮಾತಿರಲಿಲ್ಲ. ತೋಳಿನ ಮೇಲೆ ಕೆಲವರಿಗೆ ಕೆಂಪು ಗುಳ್ಳೆ ಎದ್ದಿತ್ತು, ಕೆಲವರಿಗೆ ಏನೂ ಇಲ್ಲ. ಗುಳ್ಳೆ ಎದ್ದರೆ ಔಷಧಿ ಚೆನ್ನಾಗಿ ಹಿಡಿದಿದೆ ಅಂತ ಯಾರೋ ಹೇಳಿದರು, ಎಲ್ಲರೂ ನಂಬಿದರು. ಏಳದವರು ಸಪ್ಪಗಾದರು. ಮಾಲೀಕರದು ಅರ್ಧ ನಿಂಬೆಹಣ್ಣಿನಷ್ಟು ಎದ್ದಿತ್ತು. ಅಂಗಿ ತೋಳು ಮಡಿಸಿಕೊಂಡೇ ತಿರುಗಿದರು.

“ನೋಡ್ರೋ, ನಂದು ಹೆಂಗೆ ಹಿಡ್ಕೊಂಡಿದೆ! ಹೊಲದಲ್ಲಿ ದುಡಿದ ಮೈ ಇದು.”

ನನಗೆ ಡಾಕ್ಟರು ಹೇಳಿದ್ದು ನೆನಪಿತ್ತು, ಮಲಗಿರುವ ಕೆಂಪು ಕಡ್ಡಿಯ ವಿಷಯ. ಅನುಮಾನ ಬಂತು. ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ದಿನ ಬಾಯಿ ಮುಚ್ಚಿಕೊಂಡದ್ದು ನನ್ನ ಜನ್ಮದಲ್ಲೇ ಅದೊಂದು ಸಲ.

ಮೂರನೇ ದಿನ ಹಿರಿಯರು ಬಂದು ಸಣ್ಣ ಅಳತೆಪಟ್ಟಿ ಇಟ್ಟು ಒಬ್ಬೊಬ್ಬರ ತೋಳು ನೋಡಿದರು. ಮೊದಲು ಮಾಲೀಕರು. ಅಳೆದರು, ಬರೆದುಕೊಂಡರು, “ಇವ್ರಿಗೆ ಲಸಿಕೆ ಬೇಡ, ಆ ಕಡೆ ನಿಂತ್ಕೊಳ್ಳಿ. ಮುಂದಿನೋರು,” ಅಂದರು.

“ಬೇಡ ಅಂದ್ರೆ? ಎಲ್ಲಾರ್ಗಿಂತ ನಂದೇ ದೊಡ್ಡದು ಸ್ವಾಮಿ!”

“ಅದಕ್ಕೇ ಬೇಡ ಯಜಮಾನ್ರೆ. ಗುಳ್ಳೆ ಎದ್ದಿದೆ ಅಂದ್ರೆ ಕ್ಷಯದ ಹುಳ ಯಾವತ್ತೋ ನಿಮ್ಮೊಳಗೆ ಬಂದಾಗಿದೆ. ಬಂದ್ಮೇಲೆ ಲಸಿಕೆ ಏನ್ಮಾಡತ್ತೆ? ಹೆದರ್ಬೇಡಿ, ಕಾಯಿಲೆ ಅಂತಲ್ಲ. ಒಳಗೆ ಮಲಗಿರ್ಬಹುದು.”

ಮಾಲೀಕರು ಅಂಗಿಯ ತೋಳು ಕೆಳಗೆಳೆದುಕೊಂಡರು. ಸಾಲು ಮುಂದಕ್ಕೆ ಸರಿಯಿತು. ಅವ್ವನಿಗೆ ಎದ್ದಿತ್ತು. ಅಣ್ಣನಿಗೆ ಎದ್ದಿತ್ತು. ಬಿಂದಿಗೆ ಎಳೆದುಕೊಳ್ಳುತ್ತಿದ್ದವರಲ್ಲಿ ಮುಕ್ಕಾಲು ಜನಕ್ಕೆ ಎದ್ದಿತ್ತು. ‘ಆ ಕಡೆ ನಿಂತ್ಕೊಳ್ಳಿ’ ಅನಿಸಿಕೊಂಡ ದೊಡ್ಡವರಿಂದ ಮಾಲೀಕರ ಜಗಲಿ ತುಂಬಿಹೋಯಿತು.

ಆಮೇಲೆ ಅತ್ತಿಗೆ ಕೂಸಿನ ಅಂಗಿ ಸರಿಸಿ ತೋಳು ತೋರಿಸಿದಳು. ನಾನು ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ನೋಡಿದೆ. ಹಿರಿಯರು ಬೆರಳಿನಿಂದ ಸವರಿ ನೋಡಿದರು, ಇನ್ನೊಮ್ಮೆ ಸವರಿದರು. ನುಣ್ಣಗಿತ್ತು. ಅತ್ತಿಗೆಯದೂ ನುಣ್ಣಗಿತ್ತು. “ಇಬ್ರಿಗೂ ಲಸಿಕೆ ಹಾಕಿ,” ಅಂದರು. ಸೂಜಿ ಬಿದ್ದಾಗ ಕೂಸು ಕಿರುಚಿದ್ದು ಕೇಳಿ ನನಗೆ ಎದೆ ಹಗುರಾಯಿತು. ಅಲ್ಲೀತನಕ ನನಗೆ ಮಾತು ಬರುತ್ತಿರಲಿಲ್ಲ. ಈಗ ಬಂತು.

“ಯಜಮಾನ್ರೆ, ನಾಡಿದ್ದು ಅಮಾವಾಸ್ಯೆ. ಯಾರ್ಯಾರು ಖಾಲಿ ಮಾಡ್ಬೇಕು ಹೇಳಿ.”

ಎಲ್ಲರೂ ತಿರುಗಿ ನೋಡಿದರು.

“ಕೆಂಗೇರೀಲಿ ನಮ್ಮಾವನ ಗುಡಿಸ್ಲು ಒಂದೇ ಇರೋದು. ಇಷ್ಟು ಜನ ಹಿಡ್ಸಲ್ಲ.”

ಯಾರೋ ಒಬ್ಬರು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಮಾಲೀಕರ ಮುಖ ಕಪ್ಪಿಟ್ಟಿತು.

“ಲೋ, ನಾಲಿಗೆ ಬಿಗಿ ಹಿಡಿ! ನಂದೂ ನಿಂದೂ ಒಂದೇನೋ?”

“ಹುಳ ಒಂದೇ. ನಂದು ಎದ್ದಿದೆ, ನಿಮ್ದು ಮಲಗಿದೆ. ಮಲಗಿದ್ಯೋ ಇಲ್ವೋ ಅಂತಾನೂ ನೀವು ನೋಡ್ಸಿಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ ಕೆಮ್ತೀರಲ್ಲ, ಅದೇನು, ಸುಪ್ರಭಾತನಾ? ನಾನು ಸೂಜಿ ಹಾಕಿಸ್ಕೋತಿದೀನಿ, ಡಬ್ಬೀಲಿ ಉಗಿದು ಸುಡ್ತಿದೀನಿ. ನೀವು ನಲ್ಲಿ ಪಕ್ಕ ಉಗೀತೀರ.”

ಅಣ್ಣ ನನ್ನ ರಟ್ಟೆ ಹಿಡಿದು ಎಳೆದ. ಕಾಯಿಲೆ ಗೊತ್ತಾದಮೇಲೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಬಿಳಿ ಕೋಟಿನ ಹಿರಿಯರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ಹುಡುಗನ ಮಾತು ಒರಟು. ವಿಷಯ ಸರಿ. ಸರಿಯಾಗಿ ಔಷಧಿ ತಗೊಳ್ಳೋನ ಪಕ್ಕ ಕೂರಬಹುದು. ಪರೀಕ್ಷೆ ಮಾಡಿಸ್ದೆ ಕೆಮ್ಮೋರ ಪಕ್ಕ ನಾನು ಕೂರಲ್ಲ,” ಅಂತ ಹೇಳಿ, ಮೇಜು ಮಡಿಸಿ, ಮುಂದಿನ ಬೀದಿಗೆ ಹೋದರು.

ಅವತ್ತು ಕೆಲವರು ಹೆದರಿ ಅತ್ತರು. ಎರಡನೇ ಮನೆಯ ಅಜ್ಜಿ ತಾನು ಸಾಯುತ್ತೇನೆ ಅಂತ ಊಟ ಬಿಟ್ಟು ಕೂತಳು. ಕಾಯಿಲೆ ಅಲ್ಲ ಅಜ್ಜಿ, ಒಳಗಿದ್ದರೂ ಅದು ಏಳುವುದಿಲ್ಲ, ನಿನ್ನ ಬೈಗುಳಕ್ಕೆ ಹೆದರಿಯೇ ಮಲಗಿದೆ ಅಂತ ನಾನೇ ಹೋಗಿ ಹೇಳಬೇಕಾಯಿತು. ಅಷ್ಟು ಜನರ ಮುಂದೆ ಹಾಗೆ ಮಾತಾಡಬಾರದಿತ್ತು ಅಂತ ಅವ್ವ ಇವತ್ತಿಗೂ ಅನ್ನುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಮೆಲ್ಲಗೆ ಹೇಳಿದ್ದರೆ ನಾನು ಕೆಂಗೇರಿಯ ಹೊಲದಲ್ಲಿ ಹೂತುಹೋಗಿರುತ್ತಿದ್ದೆ.

ಅಮಾವಾಸ್ಯೆ ಬಂತು, ಹೋಯಿತು. ಹೊರಡು ಅಂತ ಯಾರೂ ಹೇಳಲಿಲ್ಲ. ಇರು ಅಂತಲೂ ಹೇಳಲಿಲ್ಲ. ನಾನು ಇದ್ದೆ.

ಅದರ ಮಾರನೇ ಬೆಳಿಗ್ಗೆ ಗೂಡಿನಿಂದ ನನ್ನ ಲೋಟ ತೆಗೆದುಕೊಂಡು ಅಂಗಳಕ್ಕೆ ನಡೆದೆ. ನಲ್ಲಿ ತಿರುಗಿಸಿ, ಲೋಟ ತುಂಬಿಸಿ, ಎಲ್ಲರೂ ನೋಡುವ ಹಾಗೆ ಕಚ್ಚಿ ಕುಡಿದೆ. ಯಾರೂ ಬಿಂದಿಗೆ ಎಳೆದುಕೊಳ್ಳಲಿಲ್ಲ. ಮಾಲೀಕರು ಎದುರಿನ ಜಗಲಿಯಲ್ಲಿ ಕೂತಿದ್ದರು. ಅವತ್ತು ಬಾಯಲ್ಲಿ ಹೊಗೆಸೊಪ್ಪು ಇರಲಿಲ್ಲ. ಅವರ ಹಿಂದೆ ಮನೆಯ ಎರಡು ಕಿಟಕಿಯೂ ತೆರೆದಿದ್ದವು. ನಾನು ಲೋಟ ತೊಳೆದು ಹೊರಡುವಾಗ, ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಕೇಳಿದರು.

“ಆ ಡಾಕ್ಟ್ರು ಎಷ್ಟು ಗಂಟೆಗೆ ಸಿಗ್ತಾರೆ?”

“ಎಂಟಕ್ಕೆ. ನಾನು ದಿನಾ ಹೋಗ್ತೀನಿ. ಬನ್ನಿ, ಜೊತೇಲಿ ಹೋಗೋಣ.”

ಎದ್ದು ಜಗಲಿಯ ಅಂಚಿಗೆ ಬಂದರು.

“ಡಬ್ಬಿ ಬೇಕಂತಲ್ಲ?”

“ನಾನು ಮಾಡ್ಕೊಡ್ತೀನಿ, ಸೋರಲ್ಲ. ಆದ್ರೆ ಒಂದು ಮಾತು ಯಜಮಾನ್ರೆ. ಅದನ್ನ ಬೆಳಗಬೇಡಿ ಅಂತ ಮೊದ್ಲೇ ಮನೇಲಿ ಹೇಳ್ಬಿಡಿ.”